ಬಿಲ್ ಲೇಟ್ ಮಾಡೋ ಪಾಲಿಕೆಗೆ ಕ್ವಾಲಿಟಿ ಕೇಳೋ ಬಾಯಿ ಎಲ್ಲಿಂದ ಬರ್ಬೇಕು?

ಬೆಂಗಳೂರಲ್ಲಿ ರಸ್ತೆ ಕಿತ್ತೋದ್ರೆ ನಮ್ಮೆಲ್ಲರ ಬಾಯಲ್ಲಿ ಮೊದಲು ಬರೋ ಮಾತು ಟೆಂಡರಲ್ಲೇ ಗೋಲ್ಮಾಲ್ ಆಗಿದೆ ಅಂತ. ಆಗಿರ್ಬಹುದು, ಆಗೋದೇ ಇಲ್ಲ ಅನ್ನೋಷ್ಟು ಮುಗ್ಧ ನಾನಂತೂ ಅಲ್ಲ. ಆದ್ರೆ ಪಾಲಿಕೆಯವರು ಹೊರಗಿನವರ ಕೈಲಿ ಕೆಲಸ ಮಾಡಿಸ್ಕೊಳ್ಳೋ ವ್ಯವಸ್ಥೆನ ಸ್ವಲ್ಪ ಹತ್ರ ಹೋಗಿ ನೋಡಿದ್ರೆ ಟೆಂಡರ್ ಅನ್ನೋದು ಇದ್ದುದರಲ್ಲೇ ಕಾನೂನಿನ ಹಿಡಿತ ಜಾಸ್ತಿ ಇರೋ ಹಂತ, ಎಲ್ಲಾ ಕಣ್ಣೂ ಅಲ್ಲೇ ಇರುತ್ತೆ, ಪೇಪರ್‌ನವರೂ ಅಲ್ಲೇ, ಕೋರ್ಟೂ ಅಲ್ಲೇ, ಸೋತ ಬಿಡ್ಡರಂತೂ ಭೂತಗನ್ನಡಿ ಹಿಡ್ಕೊಂಡೇ ಕೂತಿರ್ತಾನೆ. ವರ್ಕ್ ಆರ್ಡರ್ ಕೈಗೆ ಬಂದ ಮಾರನೇ ದಿನದಿಂದ ಅಷ್ಟೂ ಕಣ್ಣು ಬೇರೆ ಕಡೆ ತಿರುಗಿಬಿಡುತ್ತೆ. ಅಳತೆ ಯಾರು ಬರೆದ್ರು, ಕ್ವಾಲಿಟಿ ಯಾರು ನೋಡಿದ್ರು, ಬಿಲ್ ಯಾವಾಗ ಪಾಸಾಯ್ತು, ಯಾರ ಬಿಲ್ ಯಾರಿಗಿಂತ ಮುಂದೆ ಹೋಯ್ತು, ಇದನ್ನ ಕೇಳೋರೇ ಇಲ್ಲ. ನನ್ನ ಪ್ರಕಾರ ಈ ಊರಿನ ಕಾಂಟ್ರಾಕ್ಟ್ ಹಾಳಾಗೋದು ಟೆಂಡರಲ್ಲಲ್ಲ, ಬಿಲ್‌ನಲ್ಲಿ. ದುಡ್ಡು ಕೊಡೋದು ತಡ ಮಾಡೋದೇ ಇಲ್ಲಿ ಎಲ್ಲಾ ರೋಗದ ಮೂಲ.

ಮೊದಲು ಕಾನೂನು ಏನ್ ಹೇಳುತ್ತೆ ನೋಡೋಣ. ಕರ್ನಾಟಕದಲ್ಲಿ ಸರ್ಕಾರಿ ಖರೀದಿಗೆ 1999ರ ಕೆಟಿಪಿಪಿ ಕಾಯ್ದೆ ಇದೆ, ಪೂರ್ತಿ ಹೆಸರು ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆ, ಅದರ ನಿಯಮಗಳು 2000ದಲ್ಲಿ ಬಂದ್ವು. ಇಡೀ ದೇಶದಲ್ಲಿ ಇಂಥ ಕಾಯ್ದೆ ಮೊದಮೊದಲು ಮಾಡ್ಕೊಂಡ ರಾಜ್ಯಗಳಲ್ಲಿ ನಮ್ದೂ ಒಂದು, ಅದನ್ನ ಹೆಮ್ಮೆಯಿಂದಲೇ ಹೇಳ್ಕೋಬಹುದು. ಟೆಂಡರ್ ಕರೀಬೇಕು, ಬಿಡ್ ಹಾಕಕ್ಕೆ ಇಷ್ಟು ದಿನ ಅಂತ ಟೈಮ್ ಕೊಡಬೇಕು, ಟೆಕ್ನಿಕಲ್ ಕವರ್ ಬೇರೆ ಫೈನಾನ್ಶಿಯಲ್ ಕವರ್ ಬೇರೆ, ಕಮ್ಮಿ ರೇಟ್ ಹಾಕಿದವರು ಎಲ್ ಒನ್, ಒಪ್ಪಿಗೆ ಆಗಿಲ್ಲ ಅಂದ್ರೆ ಅಪೀಲ್ ಹೋಗಬಹುದು. ಈಗಂತೂ ಎಲ್ಲಾ ಆನ್‌ಲೈನ್ ಪೋರ್ಟಲಲ್ಲೇ ನಡೆಯುತ್ತೆ. ಸಣ್ಣ ಕಾಮಗಾರಿಗಳಲ್ಲಿ ಎಸ್‌ಸಿ ಎಸ್‌ಟಿ ಗುತ್ತಿಗೆದಾರರಿಗೆ 24.1 ಪರ್ಸೆಂಟ್ ಮೀಸಲಾತಿನೂ ಇದೇ ಕಾಯ್ದೆಗೆ ತಿದ್ದುಪಡಿ ಮಾಡಿ ತಂದಿದ್ದು.

ಇದೇ ಕಾಯ್ದೆಲಿ ಒಂದು ಹಿತ್ತಲ ಬಾಗಿಲೂ ಇದೆ, ಸೆಕ್ಷನ್ 4(ಜಿ). ಸರ್ಕಾರ ಅಧಿಸೂಚನೆ ಹೊರಡಿಸಿ ಈ ಕೆಲಸಕ್ಕೆ ಟೆಂಡರ್ ಬೇಡ ಅಂತ ವಿನಾಯಿತಿ ಕೊಡಬಹುದು. ತುರ್ತು ಕೆಲಸ ಇದ್ದಾಗ ಇಂಥದ್ದೊಂದು ಬೇಕೇ ಬೇಕು, ಇಲ್ಲ ಅಂತಲ್ಲ. ಆದ್ರೆ ಬೆಂಗಳೂರಿನ ವಾರ್ಡ್ ಕೆಲಸಗಳಲ್ಲಿ ಹೀಗೆ ಟೆಂಡರ್ ತಪ್ಪಿಸಿ ಜಾಸ್ತಿ ಕೆಲಸ ಹೋಗಿದ್ದು ಕೆಆರ್‌ಐಡಿಎಲ್‌ಗೆ, ಅಂದ್ರೆ ಹಳಬರು ಇವತ್ತಿಗೂ ಲ್ಯಾಂಡ್ ಆರ್ಮಿ ಅಂತ ಕರೆಯೋ ಸರ್ಕಾರಿ ಸಂಸ್ಥೆಗೆ. ಹೆಸರಲ್ಲೇ ಗ್ರಾಮೀಣ ಮೂಲಸೌಕರ್ಯ ಅಂತಿದೆ, ಮಾಡ್ತಿದ್ದಿದ್ದು ಬೆಂಗಳೂರಿನ ಚರಂಡಿ, ಫುಟ್‌ಪಾತು. ಸರ್ಕಾರಿ ಸಂಸ್ಥೆಯಿಂದ ಸರ್ಕಾರಿ ಸಂಸ್ಥೆಗೆ ಅಂತ ಟೆಂಡರ್ ಇಲ್ದೆ ಕೆಲಸ ಹೋಗುತ್ತೆ, ಆಮೇಲೆ ಅಲ್ಲಿಂದ ತುಂಡು ಗುತ್ತಿಗೆ ಲೆಕ್ಕದಲ್ಲಿ ಕೊನೆಗೆ ಯಾರೋ ಒಬ್ಬ ಲೋಕಲ್ ಮನುಷ್ಯನ ಕೈಗೇ ಬರುತ್ತೆ. ರಾಜರಾಜೇಶ್ವರಿ ನಗರದಲ್ಲಿ ಕೆಲಸಾನೇ ಮಾಡ್ದೆ 118 ಕೋಟಿ ಬಿಲ್ ಎತ್ತಿದಾರೆ ಅಂತ ಲೋಕಾಯುಕ್ತ ತನಿಖೆ ಆಗಿ ಎಂಜಿನಿಯರ್‌ಗಳು ಸಸ್ಪೆಂಡ್ ಆದ್ರಲ್ಲ, ಅದು ಈ ದಾರಿಲಿ ಹೋದ ಕೆಲಸಗಳದ್ದೇ ಕೇಸು. ಅದಕ್ಕೂ ಮುಂಚೆ, 2011ರ ಸುಮಾರಿಗೆ, ಮಲ್ಲೇಶ್ವರಂ, ಗಾಂಧಿನಗರ, ರಾಜರಾಜೇಶ್ವರಿ ನಗರ ಸೇರಿ 1,539 ಕೋಟಿ ರೂಪಾಯಿಯ ಬಿಲ್ ಹಗರಣ ಅಂತ ಊರೆಲ್ಲಾ ಸುದ್ದಿ ಆಗಿತ್ತು. ಗಮನಿಸಿ, ಎರಡೂ ಕಡೆ ಪ್ರಶ್ನೆ ಎದ್ದಿದ್ದು ಟೆಂಡರ್ ಯಾರಿಗೆ ಸಿಕ್ತು ಅಂತಲ್ಲ, ಕೆಲಸ ಆಗಿದೆಯಾ, ಆಗದೇ ಇದ್ರೆ ಬಿಲ್ ಹೆಂಗೆ ಪಾಸಾಯ್ತು ಅಂತ.

ಹಾಗಾದ್ರೆ ಒಂದು ಬಿಲ್ ಪಾಸಾಗೋದು ಹೆಂಗೆ? ಸಾದಾ ಡಾಂಬರು ರಸ್ತೆನೇ ತಗೊಳ್ಳಿ. ವಾರ್ಡಿನ ಎಇ ಸಾಹೇಬ್ರು, ಅಂದ್ರೆ ಅಸಿಸ್ಟೆಂಟ್ ಎಂಜಿನಿಯರ್, ಎಸ್ಟಿಮೇಟ್ ಮಾಡ್ತಾರೆ, ರೇಟ್ ಎಲ್ಲಾ ಸರ್ಕಾರಿ ದರಪಟ್ಟಿಯಾದ ಎಸ್‌ಆರ್ ಪುಸ್ತಕದಿಂದ. ಅವರ ಮೇಲಿನ ಎಂಜಿನಿಯರ್ ಎಇಇ ನೋಡ್ತಾರೆ, ಅವರಿಗೂ ಮೇಲಿನ ಇಇ ಸಹಿ ಹಾಕ್ತಾರೆ, ಜಾಬ್ ಕೋಡ್ ಬೀಳುತ್ತೆ. ಈ ಜಾಬ್ ಕೋಡ್ ಅನ್ನೋದು ಪಾಲಿಕೆ ಕೆಲಸದ ಜಾತಕ ಇದ್ದಂಗೆ, ಅದಿಲ್ದೆ ಒಂದು ಕಲ್ಲೂ ಅಲ್ಲಾಡಲ್ಲ. ಟೆಂಡರ್ ಆಗುತ್ತೆ, ಅಗ್ರಿಮೆಂಟ್ ಆಗುತ್ತೆ, ವರ್ಕ್ ಆರ್ಡರ್ ಬರುತ್ತೆ, ಕೆಲಸನೂ ಆಗುತ್ತೆ. ಆಮೇಲೆ ಎಇ ಎಂಬಿ ಬರೀತಾರೆ, ಅಂದ್ರೆ ಅಳತೆ ಪುಸ್ತಕ. ಉದ್ದ ಎಷ್ಟು, ಅಗಲ ಎಷ್ಟು, ದಪ್ಪ ಎಷ್ಟು. ಪಾಲಿಕೆ ದುಡ್ಡು ಕೊಡೋದು ರಸ್ತೆಗಲ್ಲ ಸ್ವಾಮಿ, ಎಂಬಿಲಿ ಬರೆದ ಈ ಮೂರು ನಂಬರ್‌ಗೆ.

ಲೆಕ್ಕ ಹಾಕಿ ನೋಡಿ. 500 ಮೀಟರ್ ಉದ್ದ, 7 ಮೀಟರ್ ಅಗಲದ ರಸ್ತೆಗೆ ಮೇಲಿನ ಪದರ 40 ಮಿಲಿಮೀಟರ್ ಹಾಕಬೇಕು ಅಂತಿದ್ರೆ 140 ಘನ ಮೀಟರ್ ಡಾಂಬರು ಮಿಕ್ಸ್ ಬೇಕು. 30 ಮಿಲಿಮೀಟರ್ ಹಾಕಿ 40 ಅಂತ ಬರೆಸಿದ್ರೆ 105ರಲ್ಲಿ ಕೆಲಸ ಮುಗೀತು. ಉಳಿದ 35 ಘನ ಮೀಟರ್ ಅಂದ್ರೆ ಹತ್ರ ಹತ್ರ 80 ಟನ್, ಐದು ಟಿಪ್ಪರ್ ಲೋಡು. ಒಂದು ಸೆಂಟಿಮೀಟರ್ ಅಷ್ಟೇ! ನೀವು ನಾನು ಗಾಡಿಲಿ ಹೋಗ್ವಾಗ ಕಣ್ಣಿಗೆ ಕಾಣಲ್ಲ, ಉದ್ಘಾಟನೆಗೆ ಬಂದ ಎಂಎಲ್‌ಎ ಅವರಿಗೂ ಕಾಣಲ್ಲ, ಒಂದು ಮಳೆಗಾಲ ಕಳೆದ್ಮೇಲೆ ಮಾತ್ರ ಎಲ್ಲರಿಗೂ ಕಾಣುತ್ತೆ. ಇದನ್ನ ಹಿಡಿಯಕ್ಕೆ ದಾರಿ ಒಂದೇ, ರಸ್ತೆನ ಅಲ್ಲಲ್ಲಿ ಕೊರೆದು ಕೋರ್ ತೆಗೆದು ಅಳತೆ ಮಾಡೋದು. ಅದಕ್ಕೇ ಅಂತ ಲ್ಯಾಬ್ ಇದೆ, ಥರ್ಡ್ ಪಾರ್ಟಿ ರಿಪೋರ್ಟ್ ಬೇರೆ ಬೇಕು, ಬಿಬಿಎಂಪಿಲಂತೂ ಕಮಿಷನರ್ ಕೆಳಗೆ ಟಿವಿಸಿಸಿ ಅಂತ ಒಂದು ಟೆಕ್ನಿಕಲ್ ವಿಜಿಲೆನ್ಸ್ ಸೆಲ್ಲೂ ಇತ್ತು. ಕಾಗದದ ಮೇಲೆ ನೋಡಿದ್ರೆ ಒಂದು ಇಲಿನೂ ನುಸುಳಕ್ಕಾಗಲ್ಲ ಅನ್ಸುತ್ತೆ. ಆದ್ರೆ ಥರ್ಡ್ ಪಾರ್ಟಿ ಅನ್ನೋರೂ ಇನ್ನೊಬ್ಬ ವೆಂಡರ್ರೇ, ಅವರ ಬಿಲ್ಲೂ ಇದೇ ಆಫೀಸಲ್ಲೇ ಪಾಸಾಗಬೇಕು. 2023ರ ಆಗಸ್ಟಲ್ಲಿ ಬಿಬಿಎಂಪಿ ಹೆಡ್ ಆಫೀಸ್ ಆವರಣದಲ್ಲಿದ್ದ ಇದೇ ಕ್ವಾಲಿಟಿ ಕಂಟ್ರೋಲ್ ಲ್ಯಾಬ್‌ಗೆ ಬೆಂಕಿ ಬಿದ್ದು ಒಂಬತ್ತು ಜನ ಸುಟ್ಟುಕೊಂಡ್ರು, ಅವರಲ್ಲಿ ಒಬ್ಬ ಚೀಫ್ ಎಂಜಿನಿಯರ್ ಆಮೇಲೆ ತೀರಿಹೋದ್ರು. ಜೀವ ಹೋದ ವಿಷಯ ಅದು. ಆದ್ರೂ ಜನ ಮಾತಾಡಿದ್ದು ಫೈಲ್ ಸುಟ್ಟೋಯ್ತಾ ಅಂತ. ನಂಬಿಕೆ ಯಾವ ಮಟ್ಟಕ್ಕೆ ಇಳಿದಿದೆ ನೋಡಿ.

ಅಳತೆ ಮಾಡಕ್ಕೆ ರಸ್ತೆನಾದ್ರೂ ಅಲ್ಲೇ ಬಿದ್ದಿರುತ್ತೆ, ಕೊರೆದು ನೋಡಬಹುದು. ರಾಜಕಾಲುವೆ ಹೂಳೆತ್ತೋ ಕೆಲಸ ನೋಡಿ, ಊರಲ್ಲಿ ಸುಮಾರು 860 ಕಿಲೋಮೀಟರ್ ರಾಜಕಾಲುವೆ ಇದೆ ಅಂತ ಪಾಲಿಕೆ ಲೆಕ್ಕ, ವರ್ಷಾ ವರ್ಷ ಹೂಳು ಎತ್ತಲೇಬೇಕು. ಎತ್ತಿದ್ರಾ ಇಲ್ವಾ ಅಂತ ಸಾಕ್ಷಿ ಏನು? ಒಂದು ಜೋರು ಮಳೆ ಬಂದ್ರೆ ಎತ್ತಿದ್ದೂ ಒಂದೇ ಎತ್ತದೇ ಇದ್ದಿದ್ದೂ ಒಂದೇ, ಹೊಸ ಹೂಳು ಬಂದು ಕೂತಿರುತ್ತೆ. ಟ್ರ್ಯಾಕ್ಟರ್ ಲೋಡ್ ಲೆಕ್ಕ, ಫೋಟೋ ಲೆಕ್ಕ. ಹಂಗಾಗಿ ಎಂಬಿಲಿ ಏನು ಬರೆದಿದೆಯೋ ಅದೇ ಸತ್ಯ.

ಈಗ ಬಿಲ್ ವಿಷಯಕ್ಕೆ ಬರೋಣ, ಯಾಕಂದ್ರೆ ಅಸಲಿ ಕಥೆ ಇರೋದೇ ಅಲ್ಲಿ. ಎಂಬಿ ಆಯ್ತು, ರಿಪೋರ್ಟ್ ಬಂತು, ಬಿಲ್ ರಿಜಿಸ್ಟರಲ್ಲಿ ಎಂಟ್ರಿ ಆಯ್ತು, ಬಿಆರ್ ನಂಬರ್ ಸಿಕ್ತು. ಅಲ್ಲಿಗೆ ಪಾಲಿಕೆ ಈ ಮನುಷ್ಯನಿಗೆ ಇಷ್ಟು ದುಡ್ಡು ಕೊಡಬೇಕು ಅಂತ ಒಪ್ಕೊಂಡ ಹಾಗೆ. ಒಪ್ಕೊಂಡು? ಕಾಯಿ ಅಂತ ಕೂರಿಸುತ್ತೆ. ಎಷ್ಟು ದಿನ ಅಂದ್ರೆ ವರ್ಷ, ಎರಡು ವರ್ಷ, ಕೆಲವ್ರಿಗೆ ಅದಕ್ಕೂ ಜಾಸ್ತಿ. ಎಲ್‌ಒಸಿ ಬಂದಿಲ್ಲ ಅನ್ನೋ ಮಾತು ಕಂಟ್ರಾಕ್ಟರ್‌ಗಳ ಬಾಯಲ್ಲಿ ದಿನಾ ಕೇಳಿಸುತ್ತೆ, ಅಂದ್ರೆ ದುಡ್ಡು ಬಿಡುಗಡೆ ಆಗಿಲ್ಲ ಅಂತ. ದಯಾಮರಣ ಕೊಡಿ ಅಂತ ಗುತ್ತಿಗೆದಾರರು ಪತ್ರ ಬರೆಯೋ ತನಕ ಈ ರಾಜ್ಯದಲ್ಲಿ ಮಾತು ಹೋಗಿದೆ, 2022ರ ಏಪ್ರಿಲಲ್ಲಿ ಉಡುಪಿಯ ಲಾಡ್ಜ್ ಒಂದರಲ್ಲಿ ಬೆಳಗಾವಿಯ ಗುತ್ತಿಗೆದಾರರೊಬ್ಬರು ಪ್ರಾಣ ಕಳ್ಕೊಂಡಿದ್ದೂ ಬಾಕಿ ಬಿಲ್ ಮತ್ತು ಕಮಿಷನ್ ಆರೋಪದ ನಡುವೆನೇ, ಅದು ಪಾಲಿಕೆ ಕೆಲಸ ಅಲ್ಲ ಪಂಚಾಯ್ತಿ ಕಡೆಯ ಕೆಲಸ, ಆದ್ರೆ ರೋಗ ಒಂದೇ.

ಈ ತಡ ಯಾಕಾಗುತ್ತೆ ಅಂದ್ರೆ ಬಜೆಟ್ ಪುಸ್ತಕ ತೆಗೀಬೇಕು. ಬಿಬಿಎಂಪಿ 2025-26ಕ್ಕೆ ಮಂಡಿಸಿದ್ದು 19,927 ಕೋಟಿಯ ಬಜೆಟ್. ಅದಕ್ಕೆ ಹಿಂದಿನ ವರ್ಷದ್ದು 12 ಸಾವಿರ ಕೋಟಿ ಚಿಲ್ಲರೆ. ಪಾಲಿಕೆಯ ಸ್ವಂತ ಸಂಪಾದನೆಲಿ ದೊಡ್ಡದು ಆಸ್ತಿ ತೆರಿಗೆ, ಅದು ಒಳ್ಳೆ ವರ್ಷದಲ್ಲೂ ಐದು ಸಾವಿರ ಕೋಟಿ ಹತ್ರಕ್ಕೆ ಬರುತ್ತೆ. ಮಿಕ್ಕಿದ್ದು ರಾಜ್ಯ ಸರ್ಕಾರ ಕೊಡ್ಬೇಕು, ಸಾಲ ಆಗಬೇಕು, ಅದೂ ಇದೂ ಫೀಸು ಬರ್ಬೇಕು. ಬರುತ್ತೆ ಅಂತ ಬರೆದಿದ್ದೆಲ್ಲಾ ಬರಲ್ಲ, ಆದ್ರೆ ಖರ್ಚಿನ ಪಟ್ಟಿಲಿ ಇರೋ ಕೆಲಸಗಳಿಗೆ ಜಾಬ್ ಕೋಡ್ ಮಾತ್ರ ಸಲೀಸಾಗಿ ಬೀಳುತ್ತೆ, ಯಾಕಂದ್ರೆ ಪ್ರತಿ ಎಂಎಲ್‌ಎಗೂ ಅವರ ಕ್ಷೇತ್ರದ ಗುದ್ದಲಿ ಪೂಜೆ ಬೇಕು. ಕೈಲಿ ಹತ್ತು ರೂಪಾಯಿ ಇಟ್ಕೊಂಡು ಹದಿನೆಂಟು ರೂಪಾಯಿ ಕೆಲಸಕ್ಕೆ ಆರ್ಡರ್ ಕೊಟ್ರೆ ಎಂಟು ರೂಪಾಯಿ ಮುಂದಿನ ವರ್ಷಕ್ಕೆ ಬಾಕಿ, ಮುಂದಿನ ವರ್ಷದ ದುಡ್ಡು ಹಿಂದಿನ ವರ್ಷದ ಬಾಕಿಗೆ, ಹೀಗೇ ಉರುಳ್ತಾ ಹೋಗುತ್ತೆ. ಜೊತೆಗೆ 2020ರ ಸೆಪ್ಟೆಂಬರ್‌ನಿಂದ ಬೆಂಗಳೂರಲ್ಲಿ ಚುನಾಯಿತ ಕೌನ್ಸಿಲ್ಲೇ ಇರ್ಲಿಲ್ಲ, ಬಜೆಟ್‌ನ ಎದ್ದು ನಿಂತು ಪ್ರಶ್ನೆ ಮಾಡೋ ಕಾರ್ಪೊರೇಟರ್‌ಗಳೂ ಇಲ್ಲ, ಸ್ಥಾಯಿ ಸಮಿತಿಗಳೂ ಇಲ್ಲ. ಕಾರ್ಪೊರೇಟರ್‌ಗಳು ಇದ್ದಾಗ ಎಲ್ಲಾ ಸತ್ಯಹರಿಶ್ಚಂದ್ರರ ಕಾಲ ಆಗಿತ್ತು ಅಂತೇನೂ ನಾನು ಹೇಳ್ತಿಲ್ಲ, ಕನಿಷ್ಠ ಒಬ್ಬರ ಫೈಲ್ ಇನ್ನೊಬ್ಬರು ಹೊರಗೆಳೀತಿದ್ರು.

ಈಗ ಕಂಟ್ರಾಕ್ಟರ್ ಜಾಗದಲ್ಲಿ ಕೂತು ಯೋಚ್ನೆ ಮಾಡಿ. ಒಂದು ಕೋಟಿ ಕೆಲಸ. ಎಸ್‌ಆರ್ ರೇಟಲ್ಲಿ ಕಂಟ್ರಾಕ್ಟರ್ ಲಾಭ ಅಂತ ಸೇರಿಸೋದು ಹತ್ತು ಪರ್ಸೆಂಟ್ ಲೆಕ್ಕ. ಬಿಲ್‌ನಲ್ಲಿ ಇನ್‌ಕಮ್ ಟ್ಯಾಕ್ಸ್ ಟಿಡಿಎಸ್ ಹಿಡೀತಾರೆ, ಜಿಎಸ್‌ಟಿ ಟಿಡಿಎಸ್ ಎರಡು ಪರ್ಸೆಂಟ್ ಹಿಡೀತಾರೆ, ಕಾರ್ಮಿಕ ಸೆಸ್ ಒಂದು ಪರ್ಸೆಂಟ್, ಸೆಕ್ಯೂರಿಟಿ ಡೆಪಾಸಿಟ್ ಬೇರೆ. 2022ರ ಜುಲೈನಲ್ಲಿ ಸರ್ಕಾರಿ ಕಾಮಗಾರಿ ಮೇಲಿನ ಜಿಎಸ್‌ಟಿ 12ರಿಂದ 18 ಆದಾಗ ಹಳೇ ರೇಟಿಗೆ ಕೆಲಸ ಹಿಡಿದಿದ್ದವರು ತಲೆ ಮೇಲೆ ಕೈ ಹೊತ್ಕೊಂಡು ಕೂತ್ರು. ಇಷ್ಟರ ಮೇಲೆ ಬಿಲ್ ಎರಡು ವರ್ಷ ತಡ ಆಯ್ತು ಅಂತಿಟ್ಕೊಳ್ಳಿ, ಡಾಂಬರಿನವನಿಗೆ, ಜಲ್ಲಿಯವನಿಗೆ, ಲೇಬರ್‌ಗೆ ಎಲ್ಲಾ ಕ್ಯಾಶ್ ಕೊಟ್ಟಾಗಿದೆ. ಬ್ಯಾಂಕಿಂದ ಹನ್ನೆರಡು ಪರ್ಸೆಂಟಿಗೆ ತಂದಿದ್ರೂ 24 ಲಕ್ಷ ಬಡ್ಡಿ. ಫೈನಾನ್ಸ್‌ನವರ ಹತ್ರ ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ ಲೆಕ್ಕದಲ್ಲಿ ತಂದಿದ್ರೆ 48 ಲಕ್ಷ. ಹತ್ತು ಲಕ್ಷ ಲಾಭದ ಕೆಲಸಕ್ಕೆ! ಇದು ಗೊತ್ತಿದ್ದೂ ಒಬ್ಬ ಮನುಷ್ಯ ಎಸ್ಟಿಮೇಟ್‌ಗಿಂತ ಕಮ್ಮಿಗೆ ಬಿಡ್ ಹಾಕ್ತಾನೆ ಅಂದ್ರೆ ಅವನು ಆ ಬಡ್ಡಿನ ಎಲ್ಲಿಂದ ಎತ್ತಬೇಕು ಅಂತ ಮೊದಲೇ ಲೆಕ್ಕ ಹಾಕಿರ್ತಾನೆ. ಆ ಒಂದು ಸೆಂಟಿಮೀಟರ್ ಹೋಗೋದು ಅಲ್ಲೇ.

ಮತ್ತೆ ಇದರಿಂದ ಇನ್ನೊಂದು ಆಗುತ್ತೆ, ಇದನ್ನ ಜನ ಅಷ್ಟಾಗಿ ಗಮನಿಸಲ್ಲ. ಎರಡು ವರ್ಷ ದುಡ್ಡಿಲ್ದೆ ತಡ್ಕೊಳ್ಳೋ ತಾಕತ್ತು ಯಾರಿಗಿರುತ್ತೋ ಅವರೇ ಫೀಲ್ಡಲ್ಲಿ ಉಳೀತಾರೆ. ಚೆನ್ನಾಗಿ ಕೆಲಸ ಮಾಡೋ ಸಣ್ಣ ಕಂಟ್ರಾಕ್ಟರ್, ಎರಡು ಟಿಪ್ಪರ್ ಒಂದು ರೋಲರ್ ಇಟ್ಕೊಂಡು ಮರ್ಯಾದೆಯಿಂದ ಬದುಕ್ತಿದ್ದವನು, ಒಂದೆರಡು ಬಿಲ್ ಸಿಕ್ಕಾಕೊಂಡ್ರೆ ಮುಗೀತು, ಮನೆ ಪತ್ರ ಬ್ಯಾಂಕಲ್ಲಿ. ಮುಂದಿನ ಸಲ ಅವನು ದೊಡ್ಡವರ ಕೆಳಗೆ ಸಬ್ ಕಾಂಟ್ರಾಕ್ಟ್ ತಗೋತಾನೆ, ದೊಡ್ಡವರು ತಮ್ಮ ಮಾರ್ಜಿನ್ ಇಟ್ಕೊಂಡು ಕೆಳಗೆ ದಾಟಿಸ್ತಾರೆ. ಹತ್ತಿಪ್ಪತ್ತು ಸಣ್ಣ ಕೆಲಸ ಸೇರಿಸಿ ಪ್ಯಾಕೇಜ್ ಟೆಂಡರ್ ಮಾಡೋದು ಬಂದ್ಮೇಲೆ ಇದು ಇನ್ನೂ ಜಾಸ್ತಿ, ಟರ್ನೋವರ್ ಇಷ್ಟಿರಬೇಕು, ಹಿಂದೆ ಇಷ್ಟು ದೊಡ್ಡ ಕೆಲಸ ಮಾಡಿರಬೇಕು ಅಂತ ಕಂಡೀಷನ್ ಹಾಕಿದ್ರೆ ಸಣ್ಣವರು ಬಾಗಿಲಲ್ಲೇ ಔಟು. ಪಾಲಿಕೆ ಕಡೆಯಿಂದ ಅದಕ್ಕೆ ಕಾರಣನೂ ಇದೆ, ಇನ್ನೂರು ಕಂಟ್ರಾಕ್ಟರ್‌ಗಳ ಹಿಂದೆ ಓಡೋದಕ್ಕಿಂತ ಇಪ್ಪತ್ತು ಜನರನ್ನ ಹಿಡಿಯೋದು ಸುಲಭ ಅಂತ, ಅದು ಸುಳ್ಳೇನಲ್ಲ. ಆದ್ರೆ ಕೆಲಸ ಕೆಟ್ಟಾಗ ಹಿಡಿಯಕ್ಕೆ ಹೋದ್ರೆ ಆ ಇಪ್ಪತ್ತು ಜನನೂ ಕೈಗೆ ಸಿಗಲ್ಲ, ಸಿಗೋದು ಕೆಳಗಿನವನು, ಅವನ ಹೆಸರು ಅಗ್ರಿಮೆಂಟಲ್ಲೇ ಇರಲ್ಲ.

ಬಾಕಿ ಬಿಲ್ಲಿನ ರಾಶಿ ಇರೋ ಕಡೆ ಅಧಿಕಾರ ಎಲ್ಲಿರುತ್ತೆ? ಯಾರ ಬಿಲ್ ಮೊದಲು ಅನ್ನೋದನ್ನ ತೀರ್ಮಾನ ಮಾಡೋರ ಕೈಲಿ. ರೂಲ್ಸ್ ಪ್ರಕಾರ ಸೀನಿಯಾರಿಟಿ, ಮೊದಲು ಬಂದವರಿಗೆ ಮೊದಲು. ಪಾಲನೆ ಆಗಿದ್ರೆ ಈ ಲೇಖನ ಬರೆಯೋ ಅಗತ್ಯನೇ ಇರ್ತಿರ್ಲಿಲ್ಲ. ಅನುದಾನ ಬೇರೆ ಬೇರೆ, ಹೆಡ್ ಬೇರೆ ಬೇರೆ, ಇದು ಅರ್ಜೆಂಟ್ ಅದು ಸ್ಪೆಷಲ್ ಅಂತ ಸಾಲು ಮುರಿಯೋಕೆ ಕಾರಣಕ್ಕೇನೂ ಬರ ಇಲ್ಲ. 2021ರ ಜುಲೈನಲ್ಲಿ ರಾಜ್ಯ ಗುತ್ತಿಗೆದಾರರ ಸಂಘದವರು, ಡಿ. ಕೆಂಪಣ್ಣ ಅಧ್ಯಕ್ಷರಾಗಿದ್ದಾಗ, ಪ್ರಧಾನಿಗೆ ಪತ್ರ ಬರೆದು 40 ಪರ್ಸೆಂಟ್ ಕಮಿಷನ್ ಅಂದಿದ್ದು ಎಲ್ಲರಿಗೂ ನೆನಪಿರುತ್ತೆ, 2023ರ ಎಲೆಕ್ಷನ್ ಅರ್ಧ ಅದರ ಮೇಲೇ ನಡೀತು. ಆ ನಂಬರ್ ಬಗ್ಗೆನೇ ಎಲ್ಲರೂ ಜಗಳ ಆಡಿದ್ರು, ನಲವತ್ತಾ ಇಪ್ಪತ್ತಾ ಅಂತ. ಆದ್ರೆ ಒಬ್ಬ ಕಂಟ್ರಾಕ್ಟರ್ ಕಮಿಷನ್ ಯಾಕೆ ಕೊಡ್ತಾನೆ ಅಂತ ಕೇಳಿದ್ರೆ ಒಂದು ಉತ್ತರ ಕೆಲಸ ಸಿಗ್ಲಿ ಅಂತ, ಇನ್ನೊಂದು ತಾನು ಆಗ್ಲೇ ಮಾಡಿ ಮುಗಿಸಿದ ಕೆಲಸದ ದುಡ್ಡು ಕೈಗೆ ಬರ್ಲಿ ಅಂತ. ಮೊದಲನೇದನ್ನ ತಡೆಯೋದು ಕಷ್ಟ, ಎರಡನೇದು ಟೈಮಿಗೆ ಸರಿಯಾಗಿ ದುಡ್ಡು ಕೊಟ್ಬಿಟ್ರೆ ತಾನಾಗೇ ನಿಂತೋಗುತ್ತೆ, ಸಾಲೇ ಇಲ್ಲ ಅಂದ್ಮೇಲೆ ಸಾಲು ಹಾರಿಸೋಕೆ ಯಾರಿಗೆ ಲಂಚ ಕೊಡ್ತಾನೆ? ಸರ್ಕಾರ ಬದಲಾದ್ಮೇಲೂ ಗುತ್ತಿಗೆದಾರರ ಕಡೆಯಿಂದ ಅದೇ ತರದ ದೂರು ಮತ್ತೆ ಬಂತಲ್ಲ, ಯಾಕಂದ್ರೆ ಬಾಕಿ ರಾಶಿ ಹಂಗೇ ಇತ್ತು, ಕುರ್ಚಿ ಮೇಲಿನವರು ಮಾತ್ರ ಬೇರೆ.

2023ರಲ್ಲಿ ಹೊಸ ಸರ್ಕಾರ ಏನ್ ಮಾಡ್ತು ಅಂದ್ರೆ ಹಳೇ ಕೆಲಸಗಳನ್ನ ತನಿಖೆ ಮಾಡಿಸ್ತೀವಿ ಅಂತ ಬಿಲ್ ತಡೆಹಿಡೀತು, ಆಮೇಲೆ ಒಂದಷ್ಟು ಪಾಲು ಬಿಟ್ಟು ಇನ್ನೊಂದಷ್ಟು ಇಟ್ಕೊಳ್ತು, ನ್ಯಾಯಮೂರ್ತಿ ಎಚ್.ಎನ್. ನಾಗಮೋಹನ್ ದಾಸ್ ಅವರ ಆಯೋಗಕ್ಕೆ ಒಪ್ಪಿಸ್ತು, ಆಯೋಗ 2025ರ ಮಾರ್ಚಲ್ಲಿ ವರದಿ ಕೊಡ್ತು. ತನಿಖೆ ಆಗ್ಲೇಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಒಂದು ಕೆಲಸ ಕಳಪೆನಾ ಒಳ್ಳೇದಾ ಅಂತ ತಿಳ್ಕೊಳ್ಳೋಕೆ ನಿವೃತ್ತ ನ್ಯಾಯಮೂರ್ತಿಗಳ ಆಯೋಗ ಬೇಕು ಅನ್ನೋ ಸ್ಥಿತಿ ಬಂದಿದೆ ಅಂದ್ರೆ ಆ ಕೆಲಸ ನಡೆಯೋ ಹೊತ್ತಲ್ಲಿ ಅದನ್ನೇ ನೋಡ್ಕೊಳ್ಳೋಕೆ ಅಂತ ಸಂಬಳ ತಗೊಳ್ತಿದ್ದ ಎಇ, ಎಇಇ, ಇಇ, ಕ್ವಾಲಿಟಿ ವಿಭಾಗ, ಟಿವಿಸಿಸಿ ಇಷ್ಟೂ ಜನ ಏನ್ ಮಾಡ್ತಿದ್ರು? ಮತ್ತೆ ಕಳ್ಳ ಬಿಲ್ ಜೊತೆಗೆ ಒಳ್ಳೇ ಬಿಲ್ಲೂ ಒಂದೇ ಕಟ್ಟಲ್ಲಿ ಕಟ್ಟಿಟ್ರೆ ಮುಂದಿನ ಸಲ ಒಳ್ಳೇ ಕೆಲಸ ಮಾಡೋಕೆ ಯಾರಿಗೆ ಮನಸ್ಸು ಬರುತ್ತೆ?

ಡಿಎಲ್‌ಪಿ ವಿಷಯದಲ್ಲಿ ಇದರ ಫಲ ಕಣ್ಣಿಗೆ ಹೊಡೆದಂಗೆ ಕಾಣುತ್ತೆ. ಡಿಎಲ್‌ಪಿ ಅಂದ್ರೆ ಕೆಲಸ ಮುಗಿದ ಮೇಲೆ ಇಷ್ಟು ವರ್ಷ ಏನಾದ್ರೂ ಕಿತ್ತೋದ್ರೆ ಅದೇ ಕಂಟ್ರಾಕ್ಟರ್ ಸ್ವಂತ ಖರ್ಚಲ್ಲಿ ರಿಪೇರಿ ಮಾಡಿಕೊಡಬೇಕು ಅನ್ನೋ ಷರತ್ತು, ಡಾಂಬರು ರಸ್ತೆಗೆ ಸಾಮಾನ್ಯವಾಗಿ ಎರಡು ಮೂರು ವರ್ಷ, ಕಾಂಕ್ರೀಟ್ ರಸ್ತೆಗೆ ಇನ್ನೂ ಜಾಸ್ತಿ. ಎಂಥ ಒಳ್ಳೇ ಷರತ್ತು! ಕಂಟ್ರಾಕ್ಟರನ್ನ ಕರೆದು ಗುಂಡಿ ಮುಚ್ಚಯ್ಯ ಅಂದ್ರೆ ಅವನು ನನ್ನ ಬಿಲ್ಲೇ ಬಂದಿಲ್ವಲ್ಲ ಸಾರ್ ಅಂತಾನೆ. ಅಲ್ಲಿಗೆ ಮಾತು ಮುಗೀತು. ಕಿರಾಣಿ ಅಂಗಡಿಲಿ ಆರು ತಿಂಗಳ ಉದ್ರಿ ಇಟ್ಕೊಂಡವರು ಅಕ್ಕಿಲಿ ಕಲ್ಲಿದೆ ಅಂತ ಶೆಟ್ರ ಮುಂದೆ ಜೋರು ಮಾಡಕ್ಕಾಗುತ್ತಾ, ಕಲ್ಲು ಆರಿಸ್ಕೊಂಡು ಸುಮ್ನೆ ತಿನ್ನಬೇಕು. ಪಾಲಿಕೆನೂ ಅದನ್ನೇ ಮಾಡುತ್ತೆ, ಅದೇ ಗುಂಡಿನ ಬೇರೆ ಜಾಬ್ ಕೋಡಲ್ಲಿ, ಬೇರೆ ಕಂಟ್ರಾಕ್ಟರ್ ಕೈಲಿ, ಇನ್ನೊಂದು ಸಲ ದುಡ್ಡು ಕೊಟ್ಟು ಮುಚ್ಚಿಸುತ್ತೆ. 2020ರಲ್ಲಿ ಬಿಬಿಎಂಪಿ ಇಲ್ಲೇ ಊರಂಚಿನ ಕಣ್ಣೂರು ಹತ್ರ ಡಾಂಬರು ಮಿಕ್ಸ್ ತಯಾರಿಸೋ ತನ್ನದೇ ಹಾಟ್ ಮಿಕ್ಸ್ ಪ್ಲಾಂಟ್ ಶುರು ಮಾಡ್ತು, ಆ ಮೇಲೆ ಡಿಎಲ್‌ಪಿ ರಸ್ತೆಲೂ ಪಾಲಿಕೆ ಮಿಕ್ಸೇ ಸುರಿದ್ರೆ ಕೇಳೋರು ಯಾರು. ಮೇಲಾಗಿ ಜಲಮಂಡಳಿ ಪೈಪಿಗೆ ಅಗೀತು, ಬೆಸ್ಕಾಂ ಕೇಬಲ್‌ಗೆ ಅಗೀತು, ಗ್ಯಾಸ್‌ನವರು ಅಗೆದ್ರು ಅಂದ್ರೆ ಡಿಎಲ್‌ಪಿ ಅಲ್ಲೇ ತೀರಿಹೋಯ್ತು, ಕಂಟ್ರಾಕ್ಟರ್ ನಾನು ಹಾಕಿದ್ದ ರಸ್ತೆ ಇದಲ್ಲ ಅಂತಾನೆ, ಅವನು ಹೇಳೋದ್ರಲ್ಲಿ ನ್ಯಾಯನೂ ಇದೆ. ಯಾವ ರಸ್ತೆ ಯಾವತ್ತು ಯಾರು ಹಾಕಿದ್ರು, ಡಿಎಲ್‌ಪಿ ಯಾವತ್ತು ಮುಗಿಯುತ್ತೆ ಅನ್ನೋ ಒಂದು ನೆಟ್ಟಗಿನ ಪಟ್ಟಿ ಎಲ್ಲರಿಗೂ ಕಾಣೋ ಹಾಗಿದ್ರೆ ಅರ್ಧ ಜಗಳ ಕಮ್ಮಿ.

ಸರ್ವೀಸ್ ಕಾಂಟ್ರಾಕ್ಟ್‌ಗಳ ಕಥೆ ಸ್ವಲ್ಪ ಬೇರೆ. ಕಸ ತಗೊಳ್ಳಿ. ಸುಮಾರು 750 ಮನೆಗೆ ಒಂದು ಆಟೋ ಟಿಪ್ಪರ್ ಅನ್ನೋ ಲೆಕ್ಕ, ಗಾಡಿಗಿಷ್ಟು ತಿಂಗಳಿಗೆ ದುಡ್ಡು. ಅಂದ್ರೆ ನಾವು ಕೊಡ್ತಿರೋದು ಗಾಡಿ ಓಡಿದ್ದಕ್ಕೆ, ಬೀದಿ ಕ್ಲೀನ್ ಆಗಿದ್ದಕ್ಕಲ್ಲ. ತೂಕದ ಲೆಕ್ಕದಲ್ಲಿ ಕೊಟ್ರೆ ಕಸದ ಜೊತೆ ಕಲ್ಲು ಮಣ್ಣೂ ಲಾರಿ ಹತ್ತುತ್ತೆ, ಹಸಿ ಕಸ ಒಣ ಕಸ ಬೇರೆ ಮಾಡಿಸೋಕೆ ಅವನಿಗೆ ಯಾವ ಆಸಕ್ತಿನೂ ಇರಲ್ಲ. ಹೈಕೋರ್ಟು 2012ರಿಂದ ಬೇರ್ಪಡಿಸಿ ಬೇರ್ಪಡಿಸಿ ಅಂತಾನೇ ಇದೆ, ಕಾಂಟ್ರಾಕ್ಟ್‌ನ ದುಡ್ಡಿನ ಲೆಕ್ಕ ಮಾತ್ರ ಬೇರೆ ದಿಕ್ಕಿಗೆ ಎಳೀತಾ ಬಂತು. ಇಂದಿರಾ ಕ್ಯಾಂಟೀನಲ್ಲೂ ಹಂಗೇ, 2017ರಲ್ಲಿ ಶುರುವಾದಾಗ ತಿಂಡಿ ಐದು ರೂಪಾಯಿ, ಊಟ ಹತ್ತು ರೂಪಾಯಿ, ಮಿಕ್ಕಿದ್ದು ಪಾಲಿಕೆ ಕೊಡಬೇಕು, ಹಂಗಾಗಿ ಇಡೀ ಕಾಂಟ್ರಾಕ್ಟು ನಿಂತಿರೋದು ಇವತ್ತು ಎಷ್ಟು ಪ್ಲೇಟ್ ಹೋಯ್ತು ಅನ್ನೋ ಒಂದೇ ನಂಬರ್ ಮೇಲೆ. ಆ ನಂಬರ್ ಬಗ್ಗೆ ಅನುಮಾನ ಬಂತು, ಬಿಲ್ ನಿಂತ್ವು, ಬಿಲ್ ನಿಂತಿದ್ದಕ್ಕೆ ಕೆಲವು ಕ್ಯಾಂಟೀನ್ ಬಾಗಿಲು ಹಾಕಿದ್ವು, ತೊಂದ್ರೆ ಆಗಿದ್ದು ಹತ್ತು ರೂಪಾಯಿ ಹಿಡ್ಕೊಂಡು ಬಂದ ಆಟೋ ಡ್ರೈವರ್‌ಗೆ. 2019ರಲ್ಲಿ 4.85 ಲಕ್ಷ ಬೀದಿದೀಪಗಳನ್ನ ಎಲ್‌ಇಡಿ ಮಾಡೋ ಒಪ್ಪಂದ ಆಯ್ತು, ಕರೆಂಟ್ ಬಿಲ್‌ನಲ್ಲಿ ಉಳಿದ ದುಡ್ಡಲ್ಲೇ ಕಂಪನಿಗೆ ಪಾವತಿ, ಪಾಲಿಕೆ ಜೇಬಿಗೆ ಕೈ ಹಾಕೋ ಹಾಗೇ ಇಲ್ಲ ಅಂತ ಬಹಳ ಚೆಂದ ಇತ್ತು. ಆದ್ರೆ ಎಷ್ಟು ಉಳೀತು ಅಂತ ಹೇಳ್ಬೇಕಾದ್ರೆ ಮೊದಲು ಎಷ್ಟು ಉರೀತಿತ್ತು ಅಂತ ಗೊತ್ತಿರ್ಬೇಕಲ್ವಾ, ಅಂಥ ಒಪ್ಪಂದಕ್ಕೆ ಅದೇ ಅಡಿಪಾಯ. ಕೊನೆಗೆ ಅದೂ ರದ್ದಾಯ್ತು.

ಪಾಲಿಕೆ ಈ ವಿಷಯದಲ್ಲಿ ಒಂದು ದೊಡ್ಡ ಸುಧಾರಣೆ ಮಾಡಿದ್ದು ಪೌರಕಾರ್ಮಿಕರ ಕಡೆ, ಅದನ್ನ ಹೇಳ್ದೆ ಇದ್ರೆ ಅನ್ಯಾಯ. ಬೀದಿ ಗುಡಿಸೋರು ವರ್ಷಗಟ್ಟಲೆ ಕಂಟ್ರಾಕ್ಟರ್‌ಗಳ ಕೆಳಗಿದ್ರು, ಪಟ್ಟಿಲಿ ಒಂದಷ್ಟು ಹೆಸರು, ಬೀದಿಲಿ ಅದಕ್ಕಿಂತ ಕಮ್ಮಿ ಜನ, ಪಿಎಫ್ ಇಎಸ್‌ಐ ಕಟ್ಟಿದ್ರೋ ಇಲ್ವೋ ದೇವರಿಗೇ ಗೊತ್ತು. 2017ರ ಹೊತ್ತಿಗೆ ಕಂಟ್ರಾಕ್ಟರ್‌ಗಳನ್ನ ತೆಗೆದು ಬಯೋಮೆಟ್ರಿಕ್ ಹಾಜರಿ ಮೇಲೆ ಪಾಲಿಕೆನೇ ನೇರವಾಗಿ ಅಕೌಂಟ್‌ಗೆ ಸಂಬಳ ಹಾಕೋ ಪದ್ಧತಿ ಬಂತು, ಮೊದಲಲ್ಲಿ ತಿಂಗಳುಗಟ್ಟಲೆ ಸಂಬಳ ತಡ ಆಗಿ ಬಹಳ ಕಷ್ಟನೂ ಪಟ್ರು. ಸಂಘಟನೆಗಳು ಬಿಡದೆ ಹೋರಾಡಿ 2025ರ ಮೇ ಒಂದಕ್ಕೆ ಹನ್ನೆರಡು ಸಾವಿರಕ್ಕೂ ಹೆಚ್ಚು ಜನರಿಗೆ ಕಾಯಂ ಆದೇಶ ಸಿಕ್ತು. ಎಲ್ಲಾ ಕೆಲಸನೂ ಹೊರಗೇ ಕೊಡಬೇಕು ಅಂತೇನಿಲ್ಲ ಅನ್ನೋದಕ್ಕೆ ಇದಕ್ಕಿಂತ ಉದಾಹರಣೆ ಬೇಡ. ದಿನಾ ಬೆಳಗ್ಗೆ ಆಗ್ಲೇಬೇಕಾದ ಕೆಲಸ, ಅಳತೆ ಮಾಡಕ್ಕೆ ಕಷ್ಟ ಇರೋ ಕೆಲಸ, ಅದನ್ನ ಕಾಂಟ್ರಾಕ್ಟ್ ಕೊಟ್ಟು ಹಿಂದೆ ಕಾವಲು ಕಾಯೋ ಖರ್ಚಿಗಿಂತ ತಾವೇ ಮಾಡ್ಕೊಳ್ಳೋದು ವಾಸಿ. ಆಟೋ ಡ್ರೈವರ್, ಲೋಡರ್, ಹೆಲ್ಪರ್‌ಗಳಿಗೆ ಆ ಭಾಗ್ಯ ಅವತ್ತು ಸಿಗಲಿಲ್ಲ ಅನ್ನೋದೂ ಜೊತೆಗೇ ಹೇಳ್ಬೇಕು.

ಇನ್ನು ಬುದ್ಧಿ ಮಾರೋ ವೆಂಡರ್‌ಗಳು, ಅಂದ್ರೆ ಕನ್ಸಲ್ಟೆಂಟ್‌ಗಳು. ಹೆಬ್ಬಾಳದಿಂದ ಸಿಲ್ಕ್ ಬೋರ್ಡ್ ತನಕ ಸುರಂಗ ರಸ್ತೆಗೆ ಡಿಪಿಆರ್, ಅಂದ್ರೆ ಯೋಜನೆಯ ವಿವರವಾದ ವರದಿ, ಮಾಡಿಸಿದ್ರಲ್ಲ, ಒಂಬತ್ತು ಕೋಟಿಗೂ ಮೇಲ್ಪಟ್ಟ ಕಾಂಟ್ರಾಕ್ಟ್, ಆ ವರದಿಲಿ ಮಾಲೆಗಾಂವ್, ನಾಸಿಕ್ ಅಂತೆಲ್ಲಾ ಊರ ಹೆಸರು ಇದ್ವು. ಬೆಂಗಳೂರಿನ ಸುರಂಗದಲ್ಲಿ ನಾಸಿಕ್ ಎಲ್ಲಿಂದ ಬಂತೋ! ಗಲಾಟೆ ಆದ್ಮೇಲೆ ಕಂಪನಿಗೆ ಐದು ಲಕ್ಷ ದಂಡ ಹಾಕಿದ್ರು. ಹದಿನೇಳು ಸಾವಿರ ಕೋಟಿಯ ಮಾತಾಡ್ತಿರೋ ಯೋಜನೆಯ ಅಡಿಪಾಯದ ವರದಿ ಅದು. ತನ್ನ ಹತ್ರ ಓದಿ ನೋಡೋ ಎಂಜಿನಿಯರ್‌ಗಳೇ ಇಲ್ದೆ ಇದ್ರೆ ಹೊರಗಿನವರು ಏನು ಕೊಟ್ರೂ ಪಾಲಿಕೆ ಸಹಿ ಹಾಕಿ ತಗೊಳ್ಳುತ್ತೆ.

ಈಗ ಮುಂದೇನು ಅಂದ್ರೆ ಬಿಬಿಎಂಪಿನೇ ಇಲ್ಲ. 2025ರ ಸೆಪ್ಟೆಂಬರ್ 2ರಿಂದ ಗ್ರೇಟರ್ ಬೆಂಗಳೂರು ಪ್ರಾಧಿಕಾರ, ಅದರ ಕೆಳಗೆ ಕೇಂದ್ರ, ಪೂರ್ವ, ಪಶ್ಚಿಮ, ಉತ್ತರ, ದಕ್ಷಿಣ ಅಂತ ಐದು ನಗರ ಪಾಲಿಕೆ. ದೊಡ್ಡ ಕಾಮಗಾರಿಗಳಿಗೆ ಬಿ-ಸ್ಮೈಲ್ ಅಂತ ಬೇರೆ ಕಂಪನಿ, ಕಸಕ್ಕೆ ಇನ್ನೊಂದು ಕಂಪನಿ. ಪೂರ್ವಕ್ಕೆ ಐಟಿ ಪಾರ್ಕ್‌ಗಳ ತೆರಿಗೆ ಇದೆ, ಎಲ್ಲಾ ಪಾಲಿಕೆಗೂ ಅಷ್ಟು ಸಂಪಾದನೆ ಇಲ್ಲ. ಹಳೇ ಬಿಬಿಎಂಪಿ ಕಾಲದ ಬಾಕಿ ಯಾರ ತಲೆಗೆ ಎಷ್ಟು ಬೀಳುತ್ತೆ ಅನ್ನೋದರ ಮೇಲೆ ಈ ಹೊಸ ಪಾಲಿಕೆಗಳು ಮೊದಲ ದಿನದಿಂದಲೇ ಉದ್ರಿ ಗಿರಾಕಿನಾ ಅಲ್ವಾ ಅನ್ನೋದು ನಿಂತಿದೆ. ಹೊಸದಾಗಿ ಶುರು ಮಾಡೋ ಅವಕಾಶ ಇಂಥದ್ದು ಮತ್ತೆ ಸಿಗಲ್ಲ, ನನ್ನ ಕೇಳಿದ್ರೆ ಮಾಡ್ಬೇಕಾಗಿರೋದು ಬಹಳ ಬೋರಿಂಗ್ ಕೆಲಸ: ಕೈಲಿ ದುಡ್ಡು ಇಲ್ದೆ ಜಾಬ್ ಕೋಡ್ ಕೊಡಬಾರದು, ಬಿಆರ್ ನಂಬರ್ ಪ್ರಕಾರ ಬಾಕಿ ಬಿಲ್ ಪಟ್ಟಿ ದಿನಾ ವೆಬ್‌ಸೈಟಲ್ಲಿ ಕಾಣ್ಬೇಕು, ಯಾರಾದ್ರೂ ಸಾಲು ಹಾರಿದ್ರೆ ಯಾರ ಆದೇಶದ ಮೇಲೆ ಅಂತ ಅಲ್ಲೇ ಬರೆದಿರ್ಬೇಕು, ಬಿಲ್ ಇಷ್ಟು ದಿನ ದಾಟಿದ್ರೆ ಪಾಲಿಕೆನೇ ಬಡ್ಡಿ ಕೊಡಬೇಕು. ಕೊನೇದಕ್ಕೆ ಯಾವ ಅಧಿಕಾರಿನೂ ಒಪ್ಪಲ್ಲ ಅಂತ ಗೊತ್ತು, ಅದಕ್ಕೇ ಅದು ಮುಖ್ಯ.

ಅಲ್ಲಿ ತನಕ ನಮ್ಮ ಕೈಲಿರೋದು ಆರ್‌ಟಿಐ. ಹತ್ತು ರೂಪಾಯಿ ಫೀಸು, ಮೂವತ್ತು ದಿನದಲ್ಲಿ ಉತ್ತರ ಕೊಡಬೇಕು, ಕರ್ನಾಟಕದಲ್ಲಿ ಅರ್ಜಿ ಒಂದೇ ವಿಷಯದ ಮೇಲೆ 150 ಪದದೊಳಗೆ ಇರಬೇಕು ಅಂತ ನಿಯಮ ಬೇರೆ. ಹಾಗಾಗಿ ಟೆಂಡರ್ ದಾಖಲೆ ಪೂರ್ತಿ ಕೊಡಿ ಅಂತ ಕೇಳೋಕೆ ಹೋಗ್ಬೇಡಿ, ಒಂದು ಕಟ್ಟು ಕಾಗದಕ್ಕೆ ಜೆರಾಕ್ಸ್ ದುಡ್ಡು ಕಟ್ಟಿ ಅಂತಾರೆ. ನಿಮ್ಮ ಬೀದಿ ಹೆಸರು ಹಾಕಿ ನಾಲ್ಕೇ ನಾಲ್ಕು ಕೇಳಿ: ಜಾಬ್ ಕೋಡ್ ಯಾವುದು, ಎಂಬಿಲಿ ಬರೆದಿರೋ ದಪ್ಪ ಎಷ್ಟು, ಡಿಎಲ್‌ಪಿ ಮುಗಿಯೋ ತಾರೀಖು ಯಾವುದು, ಬಿಆರ್ ಎಂಟ್ರಿ ಆಗಿದ್ದು ಯಾವತ್ತು, ದುಡ್ಡು ಕೊಟ್ಟಿದ್ದು ಯಾವತ್ತು. ನಾಲ್ಕು ಅಂದು ಐದಾಯ್ತು, ಇರ್ಲಿ, 150 ಪದದೊಳಗೆ ಆರಾಮಾಗಿ ಹಿಡಿಯುತ್ತೆ.